‘ಡಾರ್ಕ್’ ಧಾರಾವಾಹಿ: ಹಾಸನದ ನಮ್ಮ ಬಳಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನ ಕೆಲಸ ಹೊತ್ತುಕೊಂಡು ಹಾಸನದ ಮನೆಗಳಿಗೆ ವಾಪಸ್ ಬಂದವರು ನಾವು ಆರೇಳು ಜನ. ಆಗ ಒಟ್ಟಿಗೆ ನೋಡಿದ ಧಾರಾವಾಹಿ ಇದು. ಆಮೇಲೆ ಮನೆಯವರು ಹಿಡಿದುಕೊಂಡರು. ಅವರಿಂದ ಪಕ್ಕದ ಮನೆಯವರು. ಈಗಲೂ ಯಾರಾದರೂ ಹೊಸದಾಗಿ ಶುರು ಮಾಡಿದರೆ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲ ಭಾಗದಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ‘ಇಲ್ಲಿಂದ ಮುಂದೆ ಗುಟ್ಟು’ ಅಂತ ಬರೆದಿರುವ ಕಡೆ, ಪೂರ್ತಿ ನೋಡದವರು ದಯವಿಟ್ಟು ನಿಲ್ಲಿಸಿಬಿಡಿ.

ಇದು ಯಾವ ಧಾರಾವಾಹಿ? ಯಾರು ಮಾಡಿದ್ದು?

ನೆಟ್‌ಫ್ಲಿಕ್ಸ್‌ಗಾಗಿ ಜರ್ಮನ್ ಭಾಷೆಯಲ್ಲಿ ಮಾಡಿದ ಮೊದಲ ಧಾರಾವಾಹಿ. ನಿರ್ದೇಶಕ ಬಾರನ್ ಬೋ ಓಡರ್, ಬರೆದವರಲ್ಲಿ ಮುಖ್ಯರು ಯಾಂತ್ಯೆ ಫ್ರೀಸೆ. ವಿಂಡನ್ ಅನ್ನುವ ಸಣ್ಣ ಊರಲ್ಲಿ ಕಥೆ ನಡೆಯುತ್ತದೆ. ಆ ಊರು ಕಲ್ಪನೆಯದು. ಕಾಡು, ಒಂದು ಗುಹೆ, ಪಕ್ಕದಲ್ಲೇ ಅಣು ವಿದ್ಯುತ್ ಸ್ಥಾವರ, ಯಾವಾಗಲೂ ಮಳೆ. ಒಂದು ದಿನ ಒಬ್ಬ ಹುಡುಗ ಕಾಣೆಯಾಗುತ್ತಾನೆ. ಎಲ್ಲರೂ ‘ಎಲ್ಲಿ ಹೋದ’ ಅಂತ ಹುಡುಕುತ್ತಿರುವಾಗ, ಕೇಳಬೇಕಾದ ಪ್ರಶ್ನೆ ‘ಯಾವಾಗಕ್ಕೆ ಹೋದ’ ಅನ್ನೋದು ಅಂತ ಗೊತ್ತಾಗುತ್ತದೆ.

ಸಕಲೇಶಪುರದ ಕಡೆಯ ನಮ್ಮ ಗೆಳೆಯನಿಗೆ ಮೊದಲ ಕಂತಿನಲ್ಲೇ ಆ ಊರು ಹಿಡಿಸಿಬಿಟ್ಟಿತು. ಜುಲೈ ತಿಂಗಳಲ್ಲಿ ಅವನ ಮನೆ ಅಂಗಳದಿಂದ ಕಾಣುವ ಕತ್ತಲೆ, ಮಂಜು, ಹನಿ ಉದುರುವ ಮರ, ಎಲ್ಲ ಹಾಗೇ ಇದೆಯಂತೆ. ನಾಯಕ ಯೋನಾಸ್ ಹಾಕುವ ಹಳದಿ ಮಳೆ ಕೋಟು ಒಂದೇ ಬೇರೆ. ನಮ್ಮಲ್ಲಿ ಅಲ್ಲಿಗೆ ಕಂಬಳಿ ಕೊಪ್ಪೆ ಬರುತ್ತಿತ್ತು.

ಒಟ್ಟು ಎಷ್ಟು ಕಂತು?

ಮೂರು ಸೀಸನ್, 26 ಕಂತು. ಮೊದಲನೆಯದರಲ್ಲಿ 10, ಮಿಕ್ಕ ಎರಡರಲ್ಲಿ ಎಂಟೆಂಟು. ಕಂತು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚಿಲ್ಲರೆ ತನಕ ಇದೆ. ದಿನಕ್ಕೆ ಎರಡಕ್ಕಿಂತ ಜಾಸ್ತಿ ನೋಡಬೇಡಿ. ನೋಡಬಹುದು, ಆದರೆ ಮಾರನೇ ದಿನ ಏನೂ ನೆನಪಿರುವುದಿಲ್ಲ.

ಭಾಷೆ?

ಜರ್ಮನ್ ಮಾತು, ಇಂಗ್ಲಿಷ್ ಅಡಿಬರಹ. ನಾವು ನೋಡಿದ್ದು ಹಾಗೆ. ಇಂಗ್ಲಿಷ್ ಧ್ವನಿಯಲ್ಲೂ ಇದೆ, ಆದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಜರ್ಮನ್‌ನಲ್ಲೇ ಕೇಳಿ. ಅರ್ಥವಾಗದಿದ್ದರೂ ಅಳು ಅರ್ಥವಾಗುತ್ತದೆ. ಅಮ್ಮನಿಗೆ ಇಂಗ್ಲಿಷ್ ಓದುವುದು ನಿಧಾನ. ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಮೂರನೇ ಕಂತು ಬರುವಷ್ಟರಲ್ಲಿ, “ನೀನು ಸುಮ್ನೆ ಇರೋ, ಮುಖ ನೋಡಿದ್ರೆ ಗೊತ್ತಾಗುತ್ತೆ” ಅಂದರು.

ಮಕ್ಕಳ ಜೊತೆ ಕೂತು ನೋಡಬಹುದಾ?

ಬೇಡ. ಆತ್ಮಹತ್ಯೆ ಇದೆ, ಮಕ್ಕಳ ಸಾವು ಇದೆ, ಮುಜುಗರದ ದೃಶ್ಯಗಳಿವೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರೂ ಸ್ವಲ್ಪ ದಿನ ಬಿಟ್ಟು ನೋಡಿದರೆ ಒಳ್ಳೆಯದು. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಹೆಸರುಗಳು ತಲೆಗೆ ಹತ್ತುತ್ತಲೇ ಇಲ್ಲ. ಏನು ಮಾಡಲಿ?

ನಾಲ್ಕು ಮನೆತನ ನೆನಪಿಟ್ಟುಕೊಳ್ಳಿ: ಕಾನ್‌ವಾಲ್ಡ್, ನೀಲ್ಸನ್, ಡಾಪ್ಲರ್, ಟೀಡೆಮನ್. ಆಮೇಲೆ ಒಬ್ಬೊಬ್ಬರನ್ನೂ ಮೂರು ವಯಸ್ಸಿನಲ್ಲಿ ಗುರುತು ಹಿಡಿಯಬೇಕು. 1953, 1986, 2019. ಮುಂದೆ ಇನ್ನೂ ಕೆಲವು ಇಸವಿ ಸೇರುತ್ತವೆ. ಒಂದೇ ಪಾತ್ರಕ್ಕೆ ಹುಡುಕಿ ಹಾಕಿರುವ ನಟರ ಹೋಲಿಕೆ ನೋಡಿದರೆ ಆಶ್ಚರ್ಯವಾಗುತ್ತದೆ. ಮೂಗು, ಕಣ್ಣು, ನಡಿಗೆ ಕೂಡ ಹೊಂದುತ್ತದೆ.

ನಿಜ ಹೇಳಬೇಕು ಅಂದರೆ, ಇದರಲ್ಲಿ ನಮ್ಮ ಮನೆಯ ದೊಡ್ಡವರು ನಮಗಿಂತ ಚುರುಕು. ಮದುವೆ ಮನೆಯಲ್ಲಿ ಕೂತು ‘ಅವಳು ಅರಕಲಗೂಡಿನವರ ಎರಡನೇ ಸೊಸೆಯ ಅಕ್ಕನ ಮಗಳು’ ಅಂತ ಥಟ್ಟನೆ ಹೇಳುವವರಿಗೆ ನಾಲ್ಕು ಮನೆತನ ಯಾವ ಲೆಕ್ಕ? ನಾವು ಹುಡುಗರು ಲ್ಯಾಪ್‌ಟಾಪ್‌ನಲ್ಲಿ ಗೀಟು ಎಳೆಯುತ್ತಾ ಕೂತಿದ್ದಾಗ, ಅಮ್ಮ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ವಂಶವೃಕ್ಷವೇ ಕೊನೆಗೆ ಎಲ್ಲರಿಗೂ ಉಪಯೋಗಕ್ಕೆ ಬಂದಿದ್ದು.

33 ವರ್ಷವೇ ಯಾಕೆ?

ಕಥೆಯಲ್ಲಿ ಪ್ರತಿ 33 ವರ್ಷಕ್ಕೆ ಸೂರ್ಯ ಚಂದ್ರರ ಲೆಕ್ಕ ಒಂದಾಗುತ್ತದೆ, ಆಗ ಎಲ್ಲವೂ ಮತ್ತೆ ಮೊದಲಿದ್ದ ಜಾಗಕ್ಕೆ ಬರುತ್ತದೆ ಅನ್ನುತ್ತಾರೆ. ಗುಹೆಯ ದಾರಿ ಕತೆಗಾರರ ಕಲ್ಪನೆ. ಆದರೆ 33ರ ಲೆಕ್ಕ ಪೂರ್ತಿ ಕಲ್ಪನೆಯಲ್ಲ.

ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ 11 ದಿನದ ವ್ಯತ್ಯಾಸ. ಅದು ಕೂಡುತ್ತಾ ಕೂಡುತ್ತಾ ಸುಮಾರು 33 ವರ್ಷಕ್ಕೆ ಒಂದು ಪೂರ್ತಿ ಸುತ್ತು ಬರುತ್ತದೆ. ಇದನ್ನು ನಮಗೆ ಬಿಡಿಸಿ ಹೇಳಿದವನು ಬಳಗದ ಮುಸ್ಲಿಂ ಗೆಳೆಯ. ಹಿಜರಿ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ಅದಕ್ಕೇ ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. 2019ರಲ್ಲಿ ಹಬ್ಬ ಬಿದ್ದದ್ದು ಜೂನ್ ಮೊದಲ ಅರ್ಧದಲ್ಲಿ. ಅವನು ಹಿಂದಕ್ಕೆ ಲೆಕ್ಕ ಹಾಕಿದ. 1986ರಲ್ಲೂ ಜೂನ್ ಮೊದಲ ಅರ್ಧ. 1953ರಲ್ಲೂ ಅಷ್ಟೇ. ಧಾರಾವಾಹಿಯ ಅದೇ ಮೂರು ಇಸವಿ! ಅವತ್ತು ಟೀ ತಣ್ಣಗಾದರೂ ಯಾರೂ ಲೋಟ ಮುಟ್ಟಲಿಲ್ಲ.

ನಮ್ಮ ಪಂಚಾಂಗದಲ್ಲಿ ಈ ವ್ಯತ್ಯಾಸ ಸರಿಮಾಡಲು ಹೆಚ್ಚುಕಮ್ಮಿ ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. ಅದಕ್ಕೇ ದೀಪಾವಳಿ ಯಾವತ್ತೂ ಬೇಸಿಗೆಗೆ ಹೋಗಲ್ಲ.

ನಿಜವಾಗಲೂ ಕಾಲದಲ್ಲಿ ಓಡಾಡಬಹುದಾ?

ಮುಂದಕ್ಕೆ, ಒಂದು ಚೂರು, ಹೌದು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಭೂಮಿಯ ಸೆಳೆತದಿಂದ ದೂರ ಇರುವ ಗಡಿಯಾರ ಬೇಗ ಓಡುತ್ತದೆ. ಐನ್‌ಸ್ಟೈನ್ ಹೇಳಿದ್ದು ಇದು. 1971ರಲ್ಲಿ ಅಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿ ಪರೀಕ್ಷೆ ಮಾಡಿದರು, ವ್ಯತ್ಯಾಸ ಕಂಡಿತು. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಫೋನಿನ ಮ್ಯಾಪ್ ದಾರಿ ತಪ್ಪುತ್ತದೆ.

ಇದು ನಮ್ಮ ಊರಿಗೆ ದೂರದ ವಿಷಯ ಅಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆಯಲ್ಲ, ನಾವು ‘ಎಂಸಿಎಫ್’ ಅನ್ನುವುದು, ಅಲ್ಲಿಂದಲೇ ಜಿಪಿಎಸ್ ಥರ ದಾರಿ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನೂ ನೋಡಿಕೊಳ್ಳುತ್ತಾರೆ. ಅವುಗಳಲ್ಲೂ ಅಣು ಗಡಿಯಾರಗಳಿವೆ. ಆ ದೊಡ್ಡ ಬಿಳಿ ಆಂಟೆನಾಗಳ ಮುಂದೆ ಚಿಕ್ಕಂದಿನಿಂದ ಓಡಾಡಿದವನು ನಾನು. ಕಾಲದ ಲೆಕ್ಕ ಅದರೊಳಗೂ ಇದೆ ಅಂತ ಹೊಳೆದದ್ದು ಈ ಧಾರಾವಾಹಿ ನೋಡಿದ ಮೇಲೆ.

ಹಿಂದಕ್ಕೆ ಹೋಗುವುದು? ಗಣಿತಜ್ಞ ಗೋಡೆಲ್ 1949ರಲ್ಲಿ ಐನ್‌ಸ್ಟೈನ್ ಸಮೀಕರಣಕ್ಕೆ ಅಂಥದ್ದೊಂದು ಉತ್ತರ ಕಂಡುಹಿಡಿದರು. ಕಾಗದದ ಮೇಲೆ ದಾರಿ ಸುತ್ತಿ ಹಿಂದಕ್ಕೇ ಬರುತ್ತದೆ. ನಮ್ಮ ವಿಶ್ವ ಆ ಥರ ಇಲ್ಲ.

ನಮ್ಮ ದೊಡ್ಡಮ್ಮನಿಗೆ ಇದೆಲ್ಲ ಹೇಳಿದಾಗ ಅವರು ಕೂತಲ್ಲೇ ಭಾಗವತದ ಕಕುದ್ಮಿ ರಾಜನ ಕಥೆ ಹೇಳಿದರು. ಮಗಳು ರೇವತಿಗೆ ಗಂಡು ಯಾರು ಅಂತ ಕೇಳಲು ರಾಜ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಹಾಡು ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳು ಯಾರೂ ಇಲ್ಲ. ಕೊನೆಗೆ ರೇವತಿ ಬಲರಾಮನ ಕೈಹಿಡಿಯುತ್ತಾಳೆ. “ಇದರಲ್ಲಿ ಹೊಸದೇನಿದೆ?” ಅಂತ ಕೇಳಿದರು ದೊಡ್ಡಮ್ಮ. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

2020ರ ಜೂನ್ 27ನ್ನು ಯಾಕೆ ಎಲ್ಲರೂ ನೆನಪಿಸಿಕೊಳ್ಳುತ್ತಾರೆ?

ಕಥೆಯೊಳಗೆ ಪ್ರಳಯ ಆಗುವ ದಿನ ಅದು. ಮೂರನೇ ಸೀಸನ್ ಬಿಟ್ಟಿದ್ದೂ ಅದೇ ದಿನ! ಎರಡನೇ ಸೀಸನ್ 2019ರ ಜೂನ್ 21ಕ್ಕೆ ಬಂದಿತ್ತು. ಮೊದಲ ಕಂತಿನಲ್ಲಿ ಯೋನಾಸ್‌ನ ಅಪ್ಪ ಜೀವ ಕಳೆದುಕೊಳ್ಳುವುದೂ ಆ ಜೂನ್ 21ಕ್ಕೇ. ಲೋಕವೇ ಬಾಗಿಲು ಹಾಕಿಕೊಂಡು ಕೂತಿದ್ದ ವರ್ಷ. ಹೊರಗೆ ಕೊರೋನಾ, ಒಳಗೆ ಟೀವಿಯಲ್ಲಿ ಪ್ರಳಯ. ಅವತ್ತು ಶನಿವಾರ. ಮಧ್ಯಾಹ್ನ ಹನ್ನೆರಡೂವರೆಗೆ ಬಂತು. ಹಾಸನದಲ್ಲಿ ಜಿಟಿಜಿಟಿ ಮಳೆ. ಎರಡನೇ ಕಂತಿನ ನಡುವೆ ಕರೆಂಟು ಹೋಗಿ ರಾತ್ರಿ ಏಳಕ್ಕೆ ಬಂತು. ಆ ನಾಲ್ಕೈದು ಗಂಟೆ ನಾವು ಫೋನಿನಲ್ಲಿ ಆಡಿದ ಜಗಳ ಇವತ್ತಿಗೂ ಮುಗಿದಿಲ್ಲ.

— ಇಲ್ಲಿಂದ ಮುಂದೆ ಗುಟ್ಟು —

ಯೋನಾಸ್‌ಗೂ ಮಾರ್ಥಾಗೂ ಏನು ಸಂಬಂಧ? ಗೊತ್ತಾದಾಗ ನಿಮ್ಮ ಮನೆಯಲ್ಲಿ ಏನಾಯ್ತು?

1986ಕ್ಕೆ ಹೋಗಿ ಸಿಕ್ಕಿಹಾಕಿಕೊಂಡ ಹುಡುಗ ಮಿಕ್ಕೆಲ್ ಅಲ್ಲೇ ಬೆಳೆದು ಯೋನಾಸ್‌ನ ಅಪ್ಪ ಮಿಖಾಯೆಲ್ ಆಗುತ್ತಾನೆ. ಮಾರ್ಥಾ ಮಿಕ್ಕೆಲ್‌ನ ಅಕ್ಕ. ಅಂದರೆ ಯೋನಾಸ್ ಪ್ರೀತಿಸುತ್ತಿರುವ ಹುಡುಗಿ ಅವನ ಸ್ವಂತ ಸೋದರತ್ತೆ.

ಇಂಗ್ಲಿಷ್ ಅಡಿಬರಹದಲ್ಲಿ ‘ಆಂಟ್’ ಅಂತ ಬಂದು ಹೋಯಿತು. ನಮಗೆ ಅರಗಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಅಮ್ಮ ಮಾತ್ರ ಕೂತಲ್ಲಿಂದ ಎದ್ದೇಬಿಟ್ಟರು. “ಅಯ್ಯೋ, ಸೋದರತ್ತೆ ಕಣೋ ಅವಳು! ಸೋದರತ್ತೆ ಮಗಳಾಗಿದ್ರೆ ಮದುವೆನೇ ಮಾಡಬಹುದಿತ್ತು!” ಅವತ್ತು ಮಲಗುವ ತನಕ ಅಮ್ಮನಿಗೆ ಸಮಾಧಾನ ಇರಲಿಲ್ಲ. ಆ ಹುಡುಗನಿಗೆ ಯಾರೂ ಹೇಳುವವರಿಲ್ಲವಲ್ಲ ಅನ್ನೋದೇ ಅವರ ಚಿಂತೆ.

ಶಾರ್ಲೋಟೆ, ಎಲಿಜಬೆತ್: ಯಾರು ತಾಯಿ, ಯಾರು ಮಗಳು?

ಇಬ್ಬರೂ ಇಬ್ಬರಿಗೂ. ಶಾರ್ಲೋಟೆಯ ಮಗಳು ಎಲಿಜಬೆತ್. ಎಲಿಜಬೆತ್ ಮುಂದಿನ ಕಾಲದಲ್ಲಿ ಹೆತ್ತ ಮಗು ಶಾರ್ಲೋಟೆ. ಆ ಮಗುವನ್ನು ಕದ್ದು ಹಿಂದಿನ ಕಾಲಕ್ಕೆ ತಂದು ಬಿಡುತ್ತಾರೆ. ಮೊದಲು ಯಾರು ಅಂತ ಕೇಳಬೇಡಿ. ಬೀಜ ಮೊದಲೋ ಮರ ಮೊದಲೋ ಅನ್ನುವ ಒಗಟನ್ನು ನಾವು ಸುಮ್ನೆ ಹೇಳುತ್ತಿದ್ದೆವು, ಇಲ್ಲಿ ಅದಕ್ಕೆ ಮುಖ ಇದೆ, ಕಣ್ಣೀರು ಇದೆ.

ತಡೆಯಲು ಹೋದಷ್ಟೂ ಅದೇ ಆಗುತ್ತದೆ. ಇದು ಕತೆಗಾರರ ಮೋಸ ಅಲ್ವಾ?

ಬಳಗದಲ್ಲಿ ಅತಿ ಜಾಸ್ತಿ ವಾದ ಆಗಿದ್ದು ಇದರ ಮೇಲೆ. ‘ಎಲ್ಲ ಮೊದಲೇ ಬರೆದಿದ್ದರೆ ನಾವು ಯಾಕೆ ನೋಡಬೇಕು?’ ಅಂತ ಒಬ್ಬ ಎರಡನೇ ಸೀಸನ್ ನಡುವೆ ಬಿಟ್ಟೇಬಿಟ್ಟಿದ್ದ. ಆಮೇಲೆ ವಾಪಸ್ ಬಂದ.

ನನಗೆ ಮೋಸ ಅನ್ನಿಸಲಿಲ್ಲ. ಕಂಸನನ್ನು ನೆನಪಿಸಿಕೊಳ್ಳಿ. ಎಂಟನೇ ಮಗು ಕೊಲ್ಲುತ್ತದೆ ಅಂತ ಆಕಾಶವಾಣಿ ಕೇಳಿ, ತಂಗಿಯನ್ನು ಸೆರೆಮನೆಗೆ ಹಾಕಿದ. ಅಲ್ಲಿ ಹಾಕದೆ ಇದ್ದಿದ್ದರೆ ಕೃಷ್ಣ ಗೋಕುಲಕ್ಕೆ ಹೋಗಿ ಬೆಳೆಯುತ್ತಿದ್ದನಾ? ಪರೀಕ್ಷಿತ ಹಾವಿಗೆ ಹೆದರಿ ಒಂಟಿ ಕಂಬದ ಅರಮನೆ ಕಟ್ಟಿಸಿಕೊಂಡು ಕೂತ. ಹಣ್ಣಿನೊಳಗೆ ಹುಳುವಾಗಿ ತಕ್ಷಕ ಬಂದ. ‘ಹಣೆಬರಹ’ ಅನ್ನುವ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಮಗೆ ಈ ಗಂಟು ಗೊತ್ತಿರುವಂಥದ್ದೇ.

ನಮ್ಮ ಊರಲ್ಲೇ ನೋಡಿ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಆಶ್ವೀಜದಲ್ಲಿ ತೆಗೆಯುತ್ತಾರೆ, ಬಲಿಪಾಡ್ಯಮಿ ಆದಮೇಲೆ ಮುಚ್ಚುತ್ತಾರೆ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಅಂತ ನಂಬಿಕೆ. ಕಾಲ ಹೊರಗೆ ಓಡುತ್ತದೆ, ಒಳಗೆ ನಿಂತಿರುತ್ತದೆ. ಅಲ್ಲಿ ಸೊಸೆ ಕಲ್ಲು ಕೂಡ ಇದೆ. ಅತ್ತೆಯ ಏಟು ತಾಳದೆ ಅಮ್ಮನನ್ನು ಕರೆದ ಸೊಸೆ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತಾರೆ. ಅಜ್ಜಿ ಜೊತೆ ಸಾಲಿನಲ್ಲಿ ನಿಂತು ಆ ಕಲ್ಲು ನೋಡಿ ಬೆಳೆದವರು ನಾವು. ಲೋಕದ ಕೊನೆಗೆ ಒಂದು ಅಳತೆ ಇದೆ, ಅದು ಇಂಚಿಂಚಾಗಿ ಹತ್ತಿರ ಬರುತ್ತಿದೆ ಅನ್ನುವ ಭಯ ವಿಂಡನ್‌ನವರಿಗೆ ಮಾತ್ರ ಇರುವುದಲ್ಲ.

ಒಂದು ವ್ಯತ್ಯಾಸ ಇದೆ. ನಮ್ಮ ಕಥೆಗಳಲ್ಲಿ ವಿಧಿ ಬರೆಯುವವನು ಒಬ್ಬ ಮೇಲಿದ್ದಾನೆ. ಈ ಧಾರಾವಾಹಿಯಲ್ಲಿ ಬರೆಯುವವರು ಇವರೇ. ವಯಸ್ಸಾದ ತಾವೇ ಬಂದು, ಹುಡುಗರಾಗಿದ್ದ ತಮ್ಮನ್ನು ಅದೇ ಹಳ್ಳಕ್ಕೆ ತಳ್ಳುತ್ತಾರೆ. ನನಗೆ ಅದು ಜಾಸ್ತಿ ನೋವು ಕೊಟ್ಟಿತು.

ಮಾರ್ಥಾ ಆಡುವ ನಾಟಕದಲ್ಲಿ ದಾರದ ಮಾತು ಬರುತ್ತದಲ್ಲ, ಅದೇನು?

ಗ್ರೀಕರ ಅರಿಯಾಡ್ನೆ ಕಥೆ. ದಿಕ್ಕು ತಪ್ಪಿಸುವ ಕಟ್ಟಡದೊಳಗೆ ಹೋದವನು ವಾಪಸ್ ಬರಲಿ ಅಂತ ಅವಳು ದಾರ ಕೊಡುತ್ತಾಳೆ. ನಮಗೆ ಹತ್ತಿರದ್ದು ಬೇಕು ಅಂದರೆ ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರನ ಗೋಡೆಯ ಮೇಲೆ ಚಕ್ರವ್ಯೂಹ ನೋಡಿ. ಅಭಿಮನ್ಯುವಿಗೆ ಒಳಗೆ ಹೋಗುವುದು ಗೊತ್ತು. ಬರುವುದು ಗೊತ್ತಿಲ್ಲ. ಮೂರನೇ ಸೀಸನ್ ಮುಗಿದ ಮೇಲೆ ನಾನು ಒಂದು ಸಲ ಅದಕ್ಕಂತಲೇ ಹೋಗಿ ಆ ಸುರುಳಿಯ ಮುಂದೆ ನಿಂತು ಬಂದೆ.

ಎಲ್ಲರೂ ಜಾಸ್ತಿ ಅತ್ತ ದೃಶ್ಯ ಯಾವುದು?

ಹೊರಗಿನವರು ಕೊನೆಯ ದೃಶ್ಯ ಅಂತಾರೆ. ನಮ್ಮ ಬಳಗದಲ್ಲಿ ಅದು ಎರಡನೇ ಸೀಸನ್‌ನಲ್ಲಿ ಉಲ್ರಿಕ್ ಮಗನನ್ನು ನೋಡುವ ದೃಶ್ಯ.

ಉಲ್ರಿಕ್ ಮಿಕ್ಕೆಲ್‌ನ ಅಪ್ಪ. ಮಗನನ್ನು ಹುಡುಕಿಕೊಂಡು ಹೋಗಿ 1953ಕ್ಕೆ ಬೀಳುತ್ತಾನೆ. ಅಲ್ಲಿ ಒಬ್ಬ ಚಿಕ್ಕ ಹುಡುಗನಿಗೆ ಕಲ್ಲಿನಿಂದ ಹೊಡೆಯುತ್ತಾನೆ. ದೊಡ್ಡವನಾದ ಮೇಲೆ ಅವನೇ ಮಕ್ಕಳನ್ನು ಕದಿಯುತ್ತಾನೆ ಅನ್ನುವ ಲೆಕ್ಕ. ಅವತ್ತು ನಾವೆಲ್ಲ ಉಲ್ರಿಕ್ ಮೇಲೆ ಕೂಗಾಡಿದೆವು. ಪೊಲೀಸರು ಹಿಡಿದು, ಕೊನೆಗೆ ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲೇ ಮುದುಕನಾಗುತ್ತಾನೆ. ಮೂವತ್ತು ವರ್ಷ ಮೇಲಾದ ಮೇಲೆ ತಪ್ಪಿಸಿಕೊಂಡು ಬಂದು ಮಗನನ್ನು ನೋಡುತ್ತಾನೆ. ಮಗ ಇನ್ನೂ ಅದೇ ಹುಡುಗ. ಅಪ್ಪ ಬಿಳೀ ತಲೆಯ ಮುದುಕ. ಕೈಗೆ ಸಿಕ್ಕ ಮಗನನ್ನು ಮತ್ತೆ ಕಿತ್ತುಕೊಳ್ಳುತ್ತಾರೆ.

ನಮ್ಮ ಅಪ್ಪ ಹೋಗಿ ಆಗ ನಾಲ್ಕು ವರ್ಷ. ಅಮ್ಮ ಏನೂ ಮಾತಾಡಲಿಲ್ಲ. ಟೀವಿ ನಿಲ್ಲಿಸು ಅಂದರು. ಅಡುಗೆ ಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದರು. ಸಿಂಕಿನಲ್ಲಿ ಇದ್ದದ್ದು ಎರಡೇ ಲೋಟ.

ಕೊನೆ ಸರಿಯಾ, ತಪ್ಪಾ? ಅಭಿಮಾನಿಗಳು ಯಾಕೆ ಇಷ್ಟು ಕಿತ್ತಾಡುತ್ತಾರೆ?

ಕೊನೆಗೆ ಗೊತ್ತಾಗುವುದು ಇದು. ನಾವು ನೋಡಿದ ಎರಡು ಲೋಕವೂ ಮೂಲ ಲೋಕ ಅಲ್ಲ. ಮೂಲದಲ್ಲಿ ಟಾನ್‌ಹೌಸ್ ಅನ್ನುವ ಗಡಿಯಾರ ರಿಪೇರಿಯವನು ಕಾರ್ ಅಪಘಾತದಲ್ಲಿ ಮಗ, ಸೊಸೆ, ಮೊಮ್ಮಗುವನ್ನು ಕಳೆದುಕೊಂಡಿರುತ್ತಾನೆ. ಅವರನ್ನು ವಾಪಸ್ ತರಲು ಯಂತ್ರ ಮಾಡುತ್ತಾನೆ. ಅದರಿಂದ ಲೋಕ ಎರಡಾಗಿ ಒಡೆಯುತ್ತದೆ. ಯೋನಾಸ್, ಮಾರ್ಥಾ ಆ ಅಪಘಾತ ತಪ್ಪಿಸುತ್ತಾರೆ. ಆಗ ಎರಡು ಲೋಕವೂ ಇಲ್ಲವಾಗುತ್ತವೆ. ಅವರೂ ಇಲ್ಲವಾಗುತ್ತಾರೆ.

ಸಿಟ್ಟಾದವರ ಮಾತಿನಲ್ಲಿ ನ್ಯಾಯ ಇದೆ. ‘ಹಾಗಾದ್ರೆ ನಾವು ಮೂರು ಸೀಸನ್ ಪ್ರೀತಿಸಿದ್ದು ಯಾರನ್ನ? ಉಲ್ರಿಕ್ ಇಲ್ಲ, ಶಾರ್ಲೋಟೆ ಇಲ್ಲ, ಮಿಕ್ಕೆಲ್ ಇಲ್ಲ. ಹುಟ್ಟೇ ಇಲ್ಲ!’ ಅಂತ ನಮ್ಮ ಅತ್ತಿಗೆ ಎರಡು ದಿನ ಊಟ ಬಡಿಸುವಾಗಲೂ ಅದನ್ನೇ ಹೇಳುತ್ತಿದ್ದರು. ಸತ್ತಿದ್ದರೆ ನೆನಪಾದರೂ ಉಳಿಯುತ್ತದೆ. ಇವರನ್ನು ನೆನೆಯಲು ಆ ಲೋಕದಲ್ಲಿ ಒಬ್ಬರೂ ಇಲ್ಲ. ಇನ್ನು ಕೆಲವರಿಗೆ ಅದು ಬಿಡುಗಡೆ. ಮತ್ತೆ ಮತ್ತೆ ಅದೇ ನೋವು ಸುತ್ತುವುದಕ್ಕಿಂತ ಗಂಟು ಬಿಚ್ಚಿದ್ದು ಒಳ್ಳೆಯದು ಅಂತ.

ನಾನು ಹೇಳುವುದು ಇಷ್ಟು. ಈ ಧಾರಾವಾಹಿಯನ್ನು ಬರೀ ಲೆಕ್ಕ ಬಿಡಿಸುವ ಆಟ ಮಾಡಿಕೊಂಡವರಿಗೆ ಕೊನೆ ಸಪ್ಪೆ ಅನ್ನಿಸುತ್ತದೆ. ಗಂಟಿನ ಬುಡದಲ್ಲಿರುವುದು ಮಗನನ್ನು ಕಳೆದುಕೊಂಡ ಒಬ್ಬ ಅಪ್ಪ. ಕ್ಲೌಡಿಯಾ ಅಷ್ಟೆಲ್ಲ ಸುಳ್ಳು ಹೇಳಿ ಓಡಾಡಿದ್ದು ಕ್ಯಾನ್ಸರ್ ಬಂದ ಮಗಳು ರೆಗೀನಾ ಬದುಕಲಿ ಅಂತ. ಉಲ್ರಿಕ್ ಓಡಿದ್ದು ಮಗನಿಗಾಗಿ. ಕೆಟ್ಟವರು ಅಂತ ನಾವು ಬೈದವರೆಲ್ಲ ಬಿಡಲಾಗದೆ ಹಿಡಿದುಕೊಂಡವರು. ಕೊನೆ ಕಂತು ಮುಗಿದಾಗ ಅಮ್ಮ ಅಂದದ್ದು ಒಂದೇ ಮಾತು: “ಹೋದವರನ್ನ ವಾಪಸ್ ತರಬೇಕು ಅಂತ ಯಾರಿಗೆ ಅನ್ನಿಸಲ್ಲ ಹೇಳು. ಅವನ ಹತ್ರ ಯಂತ್ರ ಇತ್ತು, ಮಾಡ್ದ.”

ಕೊನೆಯ ಊಟದ ದೃಶ್ಯದಲ್ಲಿ ಕೆಲವರು ಮಾತ್ರ ಯಾಕೆ ಇದ್ದಾರೆ?

ಗಂಟಿನಿಂದ ಹುಟ್ಟದವರು ಉಳಿದುಕೊಂಡಿದ್ದಾರೆ. ಯೋನಾಸ್‌ನ ಅಮ್ಮನಾಗಿದ್ದ ಹಾನ್ನಾ, ಕತಾರೀನಾ, ರೆಗೀನಾ, ಪೀಟರ್ ಇವರೆಲ್ಲ. ರೆಗೀನಾಳ ಅಪ್ಪ ಯಾರು ಅನ್ನುವ ಜಗಳಕ್ಕೂ ಅಲ್ಲಿ ಉತ್ತರ ಇದೆ. ಹಾನ್ನಾ ಬಸುರಿ. ಹುಟ್ಟುವ ಮಗುವಿಗೆ ಯೋನಾಸ್ ಅನ್ನುವ ಹೆಸರು ಚೆನ್ನಾಗಿದೆ ಅನ್ನುತ್ತಾಳೆ. ಅತ್ತಿಗೆಯ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು.

ಪೊಲೀಸ್ ವೋಲರ್‌ನ ಕಣ್ಣಿಗೆ ಏನಾಗಿತ್ತು?

ಹೇಳಲೇ ಇಲ್ಲ. ಹೇಳಲು ಹೊರಟಾಗಲೆಲ್ಲ ಏನಾದರೂ ಅಡ್ಡ ಬರುತ್ತದೆ.

ನಾಲ್ಕನೇ ಸೀಸನ್ ಬರುತ್ತದಾ?

ಇಲ್ಲ. ಕಥೆ ಮೂರಕ್ಕೆ ಮುಗಿದಿದೆ. ಅದೇ ಇಬ್ಬರು ಆಮೇಲೆ ‘1899’ ಅನ್ನುವ ಹಡಗಿನ ಕಥೆ ಮಾಡಿದರು. 2022ರ ನವೆಂಬರ್‌ನಲ್ಲಿ ಬಂತು. 2023ರ ಜನವರಿಯಲ್ಲಿ ಮುಂದುವರಿಸುವುದಿಲ್ಲ ಅಂತ ಹೇಳಿಬಿಟ್ಟರು. ಒಂದೇ ಸೀಸನ್‌ಗೆ ನಿಂತುಹೋಯಿತು. ಆ ಸಂಕಟ ನಮಗೆ ಇನ್ನೂ ಇದೆ.

ಎರಡನೇ ಸಲ ನೋಡಬೇಕಾ?

ನೋಡಿ. ಮೊದಲ ಸಲ ಯಾರು ಯಾರು ಅಂತ ಹುಡುಕುವುದರಲ್ಲೇ ಹೋಗುತ್ತದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚನ್ನು ಮಳೆಗಾಲದಲ್ಲಿ ನೋಡಿದವರು ಬೇಸಿಗೆಯಲ್ಲೂ ನೋಡಬೇಕು. ನೀರು ಇಳಿದ ಮೇಲೆ ಕೆಳಗಿನ ನೆಲ ಕಾಣುತ್ತದೆ. ಇದೂ ಹಾಗೆ. ಮೊದಲ ಕಂತಿನಲ್ಲಿ ಮಿಖಾಯೆಲ್‌ನ ಮುಖ ಕಂಡಾಗ ಆ ಪುಟ್ಟ ಹುಡುಗನೇ ಇವನು ಅಂತ ನಿಮಗೆ ಗೊತ್ತಿರುತ್ತದೆ.

ನಿಮ್ಮ ಅಮ್ಮ ಬರೆದ ವಂಶವೃಕ್ಷದ ಹಾಳೆ ಕೊಡ್ತೀರಾ?

ಕೊಡುತ್ತೇನೆ. ಎಷ್ಟೋ ಜನರ ಕೈ ದಾಟಿ ಮೂಲ ಹಾಳೆ ಮಡಿಕೆಯಲ್ಲಿ ಹರಿದಿದೆ, ಈಗ ಜೆರಾಕ್ಸ್ ಮಾತ್ರ ಕೊಡುವುದು. ಹಾಳೆಯ ಕೆಳಗಿನ ಅರ್ಧ ಮಡಚಿ ಪಿನ್ ಹೊಡೆದಿದೆ. ಎರಡನೇ ಸೀಸನ್ ಮುಗಿಯುವ ತನಕ ಆ ಪಿನ್ ತೆಗೆಯಬೇಡಿ. ಯೋನಾಸ್, ಮಾರ್ಥಾ ನಡುವಿನ ಗೀಟನ್ನು ಅಮ್ಮ ಎರಡು ಸಲ ಅಳಿಸಿ ಮತ್ತೆ ಬರೆದಿದ್ದಾರೆ. ಜೆರಾಕ್ಸ್‌ನಲ್ಲೂ ಆ ಕಲೆ ಕಾಣುತ್ತದೆ.